ಹಾರ್ಮೋನ್ ಮಾತ್ರೆ ಬಿಡಲೇ, ಮುಂದುವರಿಸಲೇ?

ಪ್ರಶ್ನೆ: ನನಗೆ 51 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ಮೈ ಬಿಸಿಯೇರಿ ಬೆವರುತ್ತಿದ್ದುದಕ್ಕೆ ಎರಡು ತಿಂಗಳಿಂದ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆವರು ತಗ್ಗಿದೆ, ಆದರೆ ಸ್ತನ ನೋವು, ಹೊಟ್ಟೆ ಉಬ್ಬರ, ಆಗಾಗ ರಕ್ತದ ಕಲೆ. ನಾದಿನಿ ‘ಕ್ಯಾನ್ಸರ್ ಬರುತ್ತೆ, ಬಿಟ್ಬಿಡಿ’ ಅನ್ನುತ್ತಾಳೆ.
– ಹೆಸರು ಬೇಡ, ಹಾಸನ

ಉತ್ತರ: ನೋವು, ಉಬ್ಬರ ಮೊದಲ ಮೂರು ತಿಂಗಳಲ್ಲಿ ಸಾಮಾನ್ಯ, ಡೋಸ್ ತಗ್ಗಿಸಿದರೆ ಅಥವಾ ಮಾತ್ರೆಯ ಬದಲು ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಬಳಸಿದರೆ ಹಲವರಿಗೆ ಹಗುರಾಗುತ್ತದೆ. ಜೆಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯವೂ ಮಾತ್ರೆಗಿಂತ ಕಡಿಮೆ. ಈಸ್ಟ್ರೋಜನ್ ಜೊತೆಗೆ ಕೊಡುವ ಇನ್ನೊಂದು ಹಾರ್ಮೋನ್ ಪ್ರೊಜೆಸ್ಟರಾನ್ ಒಂದನ್ನೇ ನಿಲ್ಲಿಸುವ ಕೆಲಸ ಮಾತ್ರ ಬೇಡ. ಗರ್ಭಕೋಶ ಇರುವವರಿಗೆ ಬರೀ ಈಸ್ಟ್ರೋಜನ್ ಕೊಟ್ಟರೆ ಒಳಪದರ ದಪ್ಪಗಾಗಿ ಅಲ್ಲಿ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ.

ನಾದಿನಿಯ ಮಾತು ಪೂರ್ತಿ ಸುಳ್ಳಲ್ಲ. ಎರಡೂ ಹಾರ್ಮೋನ್ ಸೇರಿದ ಚಿಕಿತ್ಸೆ ವರ್ಷಗಟ್ಟಲೆ ನಡೆದರೆ ಸ್ತನ ಕ್ಯಾನ್ಸರ್ ಸಾಧ್ಯತೆ ಸ್ವಲ್ಪ ಏರುತ್ತದೆ. ಆದರೆ ಈ ಚಿಕಿತ್ಸೆಯ ಬಗ್ಗೆ ಎಲ್ಲರಲ್ಲೂ ಭಯ ಹುಟ್ಟಿಸಿದ 2002ರ ಅಮೆರಿಕದ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ನಿಮಗೆ 51, ನಿಮ್ಮ ಲೆಕ್ಕ ಬೇರೆ.

ರಕ್ತದ ಕಲೆಯ ವಿಷಯ ಈಗಲೇ ಸ್ತ್ರೀರೋಗ ತಜ್ಞರಿಗೆ ತಿಳಿಸಿ. ಜಾಸ್ತಿಯಾದರೆ, ನಿಲ್ಲದಿದ್ದರೆ ಸ್ಕ್ಯಾನ್ ಬೇಕು. ಬಿಪಿ, ಮ್ಯಾಮೊಗ್ರಾಮ್, ಮನೆತನದ ಕಾಯಿಲೆ ಯಾವುದನ್ನೂ ಕೇಳದೆ ಚೀಟಿ ಬರೆದುಕೊಟ್ಟಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ‘ನೈಸರ್ಗಿಕ ಹಾರ್ಮೋನ್’ ಪುಡಿ ಮಾರುವವರ ಹತ್ತಿರ ಹೋಗಬೇಡಿ, ಅದರಲ್ಲಿ ಏನು ಎಷ್ಟಿದೆ ಎಂದು ಅವರಿಗೇ ಗೊತ್ತಿರುವುದಿಲ್ಲ.

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರುಗಟ್ಟುವಿಕೆ ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.