ಎಂಆರ್‌ಐಗೆ ಹೆದರಬೇಡಿ

ಸುಂಕದಕಟ್ಟೆಯ ಅಪ್ಪ-ಅಮ್ಮಂದಿರೇ, ಚೆನ್ನಾಗಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಮೆಳ್ಳೆಗಣ್ಣು ಬಂದರೆ, ಮುಖ ಸೊಟ್ಟಗಾದರೆ, ನಡಿಗೆ ತೂರಾಡಿದರೆ, ನುಂಗುವಾಗ ಪದೇಪದೇ ನೆತ್ತಿಗೇರಿದರೆ, ದೃಷ್ಟಿ ತಾಗಿದೆಯೆಂದು ದಿನ ದೂಡಬೇಡಿ; ತೊಂದರೆ ಮಿದುಳಿನಲ್ಲಿರಬಹುದು, ವೈದ್ಯರಿಗೆ ತೋರಿಸಿ. ಉಸಿರಾಟ, ನುಂಗುವಿಕೆ, ಕಣ್ಣಿನ ಚಲನೆಗಳನ್ನು ನಿಯಂತ್ರಿಸುವ ಮಿದುಳಿನ ಕಾಂಡ ತಲೆಬುರುಡೆಯ ತಳದಲ್ಲಿ, ದಪ್ಪ ಮೂಳೆಗಳ ನಡುವೆ ಇದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಆ ಮೂಳೆಗಳೇ ಚಿತ್ರವನ್ನು ಮಸುಕಾಗಿಸುತ್ತವೆ. ಅಲ್ಲಿನ ಗೆಡ್ಡೆ, ಉರಿಯೂತಗಳನ್ನು ಎಂಆರ್‌ಐ ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ. ಎಕ್ಸ್‌ರೇ ವಿಕಿರಣವೂ ಇದರಲ್ಲಿಲ್ಲ. ಸದ್ದು ಮಾತ್ರ ಜೋರು, ಮಗುವಿಗೆ ಮೊದಲೇ ಹೇಳಿಡಿ. ಪುಟ್ಟ ಮಕ್ಕಳಿಗೆ ಮಂಪರಿನ ಔಷಧ ಬೇಕಾಗಬಹುದು. ಹಾಗಾದಾಗ ಉಪವಾಸದ ಸೂಚನೆಯನ್ನು ಚಾಚೂತಪ್ಪದೆ ಪಾಲಿಸಿ. ಕಾಲ್ಗೆಜ್ಜೆ, ತಾಯತ ಬಿಚ್ಚಿಡಿ. ದೇಹದೊಳಗೆ ಲೋಹದ ಸಾಧನವಿದ್ದರೆ ಮುಚ್ಚಿಡದೆ ತಿಳಿಸಿ. ದೂರವೆನಿಸಿದರೂ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗ ತಜ್ಞರಿದ್ದಾರೆ. ಆದರೆ ಮಗುವಿಗೆ ಉಸಿರು ಕಷ್ಟವಾದರೆ, ಎಚ್ಚರ ತಪ್ಪಿದರೆ, ಹತ್ತಿರದ ಆಸ್ಪತ್ರೆಗೆ ತಕ್ಷಣ ಓಡಿ.