ಹಿಂಗಾರಿನಲ್ಲಿ ಗೋಮಾಳದ ಹುಲ್ಲಿನ ಸಂರಕ್ಷಣೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳಲ್ಲಿ ಮಳೆಯು ಅಲ್ಪವು. ಉತ್ತರೆ, ಹಸ್ತ ಮಳೆಗಳಿಗೆ ಗೋಮಾಳವು ಹಸುರಾಗುತ್ತಲೇ ಊರಿನ ದನ, ಕುರಿ, ಮೇಕೆಗಳೆಲ್ಲವನ್ನೂ ಒಟ್ಟಿಗೆ ಬಿಟ್ಟರೆ, ಬೀಜ ಕಟ್ಟುವುದಕ್ಕೆ ಮೊದಲೇ ಹುಲ್ಲು ಬುಡದವರೆಗೆ ಸವೆದುಹೋಗುತ್ತದೆ. ಬೇಸಗೆಯಲ್ಲಿ ಮೇವಿಲ್ಲದೆ ಉಳುವ ಎತ್ತನ್ನೇ ಸಂತೆಗೆ ಹೊಡೆಯಬೇಕಾಗುವುದಕ್ಕೆ ಇದೂ ಒಂದು ಕಾರಣವು.

ಹುಲ್ಲಿಗೆ ಆಹಾರವು ಸಿದ್ಧವಾಗುವುದು ಎಲೆಯಲ್ಲಿ. ಎಲೆಯು ಹೋದರೆ ಬೇರು ಕುಗ್ಗುತ್ತದೆ. ಬೇರು ಕುಗ್ಗಿದ ಹುಲ್ಲು ಒಣಹವೆಯನ್ನು ತಾಳಲಾರದು. ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಆಟದ ಕ್ಲಬ್ಬು ಇರುತ್ತದೆ. ಬಿಸಿಲುಸೀಮೆಯ ಅನೇಕ ಗಾಲ್ಫ್ ಮೈದಾನಗಳಲ್ಲಿ ಬೆಳೆಸುವುದು ಗಣಪತಿಗೆ ಏರಿಸುವ ಗರಿಕೆಯನ್ನೇ. ಅಂತಹ ಮೈದಾನಗಳನ್ನು ನೋಡಿಕೊಳ್ಳುವವರು ಹುಲ್ಲಿನ ಎತ್ತರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಒಂದೇ ಸಲಕ್ಕೆ ಕತ್ತರಿಸಬಾರದೆಂಬ ನಿಯಮವನ್ನಿಟ್ಟುಕೊಂಡಿರುತ್ತಾರೆ. ಮೇವಿನ ಹುಲ್ಲಿನಲ್ಲಿಯೂ ಅರ್ಧದಷ್ಟನ್ನಾದರೂ ನೆಲದ ಮೇಲೆ ಉಳಿಸುವುದು ಯುಕ್ತವು. ಅದಕ್ಕಾಗಿ ಈ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಗೋಮಾಳವನ್ನು ನಾಲ್ಕು ಪಾಲು ಮಾಡಿ, ಒಂದು ಪಾಲಿಗೆ ದೀಪಾವಳಿ ಕಳೆಯುವವರೆಗೆ ದನ ಬಿಡಬಾರದು. ಕಾಯುವ ಪಾಲನ್ನು ವರ್ಷವರ್ಷಕ್ಕೂ ಬದಲಾಯಿಸತಕ್ಕದ್ದು. ಉಳಿದ ಪಾಲುಗಳಲ್ಲಿ ಹುಲ್ಲು ನಾಲ್ಕು ಅಂಗುಲಕ್ಕೆ ಇಳಿದೊಡನೆ ಮಂದೆಯನ್ನು ಬೇರೆಡೆಗೆ ಹೊಡೆಯತಕ್ಕದ್ದು.

2. ಕಾಯ್ದ ಪಾಲಿನ ಹುಲ್ಲನ್ನು ಹೂಬಿಡುವ ಸಮಯದಲ್ಲಿ ಕುಡುಗೋಲಿನಿಂದ ಕೊಯ್ದು, ಒಣಗಿಸಿ, ಬಣವೆ ಹಾಕತಕ್ಕದ್ದು. ಬೀಜ ಬಲಿತ ಮೇಲೆ ಕೊಯ್ದರೆ ಮೇವಿನ ಸತ್ವವು ಕಡಿಮೆಯಾಗುವುದು. ಆದರೆ ಬೀಜಕ್ಕಾಗಿ ನಡುನಡುವೆ ಕೆಲವು ಪಟ್ಟೆಗಳನ್ನು ಕೊಯ್ಯದೆ ಬಿಡತಕ್ಕದ್ದು.

3. ಅಂಜನ್ ಹುಲ್ಲಿನ ಹೊಸ ಬೀಜವು ಕೂಡಲೇ ಚೆನ್ನಾಗಿ ಮೊಳೆಯುವುದಿಲ್ಲ. ಅದನ್ನು ಒಣಗಿಸಿಟ್ಟು, ಮುಂದಿನ ಮುಂಗಾರಿನಲ್ಲಿ ಬೋಳು ಜಾಗಗಳಿಗೆ ಎರಚತಕ್ಕದ್ದು. ಬೀಜವು ಹಗುರವಾದ್ದರಿಂದ ಗಾಳಿಗೆ ಹಾರದಂತೆ ಹಸಿಮಣ್ಣಿನೊಡನೆ ಬೆರೆಸಿಕೊಳ್ಳುವುದು. ಮೇಲೆ ತೆಳುವಾಗಿ ಮಾತ್ರ ಮಣ್ಣು ಮುಚ್ಚುವುದು.

4. ನೆಲವು ಹಸಿಯಾಗಿರುವಾಗಲೇ ಬಳ್ಳಾರಿ ಜಾಲಿಯ ಸಸಿಗಳನ್ನು ಬೇರುಸಹಿತವಾಗಿ ಕೀಳತಕ್ಕದ್ದು. ಇದರ ಕಾಯಿ ತಿಂದ ದನಗಳ ಸಗಣಿಯಿಂದ ಬೀಜವು ಹರಡುತ್ತದೆ. ಪಾರ್ಥೇನಿಯಂ ಕಳೆಯನ್ನು ಹೂಬಿಡುವ ಮೊದಲೇ, ಮೈಗೆ ತುರಿಕೆ ಹತ್ತದಂತೆ ಕೈಗೆ ಬಟ್ಟೆ ಸುತ್ತಿಕೊಂಡು, ಕಿತ್ತುಹಾಕತಕ್ಕದ್ದು.

ಇವು ಒಬ್ಬನಿಂದ ಆಗುವ ಕೆಲಸಗಳಲ್ಲ. ಒಬ್ಬನ ಮಂದೆ ರಾತ್ರಿ ನುಗ್ಗಿದರೂ ಊರೆಲ್ಲರ ಕಾವಲು ವ್ಯರ್ಥವಾಗುವುದು. ಆದಕಾರಣ ಗ್ರಾಮದ ಹಿರಿಯರೂ ಹಿಡುವಳಿದಾರರೂ ಕುರಿಗಾರರನ್ನು ಕೂಡಿಸಿಕೊಂಡು ಮೊದಲೇ ಕಟ್ಟುಮಾಡಿಕೊಳ್ಳತಕ್ಕದ್ದು. ಭೂಮಿಯಿಲ್ಲದೆ ಒಂದೆರಡು ದನ ಸಾಕಿಕೊಂಡವರಿಗೂ ಕೊಯ್ದ ಹುಲ್ಲಿನಲ್ಲಿ ಪಾಲು ಸಲ್ಲಬೇಕು; ಪಾಲುಳ್ಳವನೇ ಕಾವಲನ್ನೂ ಕಾಯುವನು. ಹೀಗೆ ನಡೆದಲ್ಲಿ ಕೊಟ್ಟೂರ ತೇರು, ಮೈಲಾರದ ಜಾತ್ರೆಗಳಿಗೆ ಬಂಡಿ ಕಟ್ಟುವ ಎತ್ತುಗಳು, ಮುಂದೆ ಮುಂಗಾರಿನ ನೇಗಿಲಿಗೂ ಊರಲ್ಲಿಯೇ ಉಳಿಯುವುವು.