ನೀತಿ ಕೇಳಬೇಡ, ಕತೆ ಓದು

ಮಗೂ, ಚಿಕ್ಕ ತಮ್ಮ ತಂಗಿಗೆ ಯಾವ ಪುಸ್ತಕ ಕೊಡಿಸಲಿ ಎಂದು ನೀನು ಕೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಪಿಯುಸಿ ಓದುವ ವಯಸ್ಸಿನಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ. ಪ್ರಾಣಿಗಳ ಕತೆ ಕೊಡಿಸು. ಆದರೆ ಅವರ ಕೈಗೆ ಕೊಡುವ ಮೊದಲು ನೀನೇ ಒಮ್ಮೆ ಪೂರ್ತಿ ಓದಬೇಕು. ಅವೆಲ್ಲ ಮಕ್ಕಳ ಕತೆ, ನನಗೇಕೆ ಎನ್ನಬೇಡ. ಪಂಚತಂತ್ರ ಹುಟ್ಟಿದ್ದೇ ನಿನ್ನಂಥವರಿಗಾಗಿ.

ಕತೆಯ ಪೀಠಿಕೆ ನಿನಗೆ ನೆನಪಿರಬಹುದು. ಮಹಿಲಾರೋಪ್ಯದ ಅರಸ ಅಮರಶಕ್ತಿಗೆ ಮೂವರು ಗಂಡುಮಕ್ಕಳು. ಮೂವರಿಗೂ ಓದು ಹತ್ತಲಿಲ್ಲ. ಆರು ತಿಂಗಳಲ್ಲಿ ಇವರನ್ನು ತಿದ್ದುತ್ತೇನೆಂದು ವಿಷ್ಣುಶರ್ಮ ಒಪ್ಪಿಕೊಂಡು, ಶಾಸ್ತ್ರ ಬಾಯಿಪಾಠ ಮಾಡಿಸದೆ ಕತೆ ಹೇಳಲು ಕೂತ. ಕೇಳಿದವರು ತೊಟ್ಟಿಲ ಮಕ್ಕಳಾಗಿರಲಿಲ್ಲ, ನಾಳೆ ರಾಜ್ಯ ಆಳಬೇಕಾದ ಹುಡುಗರು. ಯಾರನ್ನು ನಂಬಬೇಕು, ಯಾರ ಮಾತಿಗೆ ಎಷ್ಟು ಬೆಲೆ ಕೊಡಬೇಕು, ಕೋಪ ಬಂದಾಗ ಕೈ ಹೇಗೆ ತಡೆಯಬೇಕು ಎಂಬುದು ಅವರಿಗೆ ಗೊತ್ತಾಗಬೇಕಿತ್ತು. ನಿನಗೂ ಈಗ ಗೊತ್ತಾಗಬೇಕಾದದ್ದು ಅದೇ.

ಮೊದಲ ತಂತ್ರ ಮಿತ್ರಭೇದವನ್ನು ತೆಗೆದುಕೋ. ವರ್ಧಮಾನನೆಂಬ ವ್ಯಾಪಾರಿಯ ಎತ್ತು ಸಂಜೀವಕ ದಾರಿಯಲ್ಲಿ ಕಾಲು ಮುರಿದುಕೊಂಡು ಕಾಡಿನಲ್ಲಿ ಉಳಿಯುತ್ತದೆ. ಯಮುನೆಯ ದಡದ ಹಸಿರು ಮೇದು ಚೇತರಿಸಿಕೊಂಡು ಗುಟುರು ಹಾಕುತ್ತದೆ. ಆ ಸದ್ದಿಗೆ ಸಿಂಹರಾಜ ಪಿಂಗಳಕ ಬೆದರುತ್ತಾನೆ. ದಮನಕನೆಂಬ ನರಿ ನಡುವೆ ನಿಂತು ಇಬ್ಬರನ್ನೂ ಗೆಳೆಯರನ್ನಾಗಿ ಮಾಡಿಸುತ್ತದೆ. ಗೆಳೆತನ ಗಾಢವಾದಾಗ ದಮನಕನಿಗೆ ತನ್ನ ಸ್ಥಾನ ಹೋದಂತೆ ಅನಿಸುತ್ತದೆ. ಸಿಂಹದ ಬಳಿ ಹೋಗಿ, ಎತ್ತು ನಿನ್ನ ಗದ್ದುಗೆಗೆ ಕಣ್ಣಿಟ್ಟಿದೆ ಎನ್ನುತ್ತದೆ. ಎತ್ತಿನ ಬಳಿ ಹೋಗಿ, ಸಿಂಹ ನಿನ್ನನ್ನು ತಿನ್ನಲು ಹೊಂಚುತ್ತಿದೆ ಎನ್ನುತ್ತದೆ. ಅಷ್ಟಕ್ಕೇ ನಿಲ್ಲದೆ ಇಬ್ಬರಿಗೂ ಗುರುತು ಹೇಳಿಕೊಡುತ್ತದೆ: ನಿನ್ನ ಎದುರಿನವನು ಹೀಗೆ ಹೀಗೆ ನಿಂತರೆ ನನ್ನ ಮಾತು ನಿಜವೆಂದು ತಿಳಿ. ಮರುಭೇಟಿಯಲ್ಲಿ ಇಬ್ಬರೂ ಹೆದರಿಕೆಯಿಂದ ಮೈ ಬಿಗಿಹಿಡಿದು ನಿಲ್ಲುತ್ತಾರೆ. ಅವನ ಹೆದರಿಕೆ ಇವನಿಗೆ ದ್ವೇಷವಾಗಿ ಕಾಣುತ್ತದೆ, ಇವನ ಹೆದರಿಕೆ ಅವನಿಗೆ. ಸಿಂಹ ಎತ್ತನ್ನು ಕೊಲ್ಲುತ್ತದೆ, ಆಮೇಲೆ ಮರುಗುತ್ತದೆ. ದಮನಕನಿಗೆ ಶಿಕ್ಷೆಯಾಗುವುದಿಲ್ಲ, ಅವನು ಮಂತ್ರಿಯಾಗಿಯೇ ಉಳಿಯುತ್ತಾನೆ.

ಈ ಕೊನೆಯನ್ನು ಗಮನಿಸು. ಕೆಟ್ಟವನಿಗೆ ಕೇಡು ಎಂಬ ಸುಲಭದ ಸಮಾಧಾನ ಇಲ್ಲಿಲ್ಲ. ಚಾಡಿ ಗೆದ್ದಿತು. ಹಾಗಾದರೆ ತಪ್ಪು ಎಲ್ಲಿ ಆಯಿತು? ಸಿಂಹ ಒಂದೇ ಒಂದು ಸಲ ಎತ್ತನ್ನು ನೇರವಾಗಿ ಕೇಳಿದ್ದರೆ ಕತೆ ಬೇರೆಯಾಗುತ್ತಿತ್ತು. ನಿನ್ನ ತರಗತಿಯಲ್ಲಿ, ಹಾಸ್ಟೆಲ್ಲಿನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಕಳಿಸಿದ ಒಂದು ಸ್ಕ್ರೀನ್‌ಶಾಟ್ ನೋಡಿ ವರ್ಷಗಳ ಗೆಳತಿಯೊಡನೆ ಮಾತು ಬಿಟ್ಟವರಿದ್ದಾರೆ. ಅವರಲ್ಲಿ ಒಬ್ಬಳಾದರೂ ಮಿತ್ರಭೇದವನ್ನು ಪೂರ್ತಿ ಓದಿದ್ದರೆ ಮೊದಲು ಹೋಗಿ ಕೇಳುತ್ತಿದ್ದಳು ಎಂದು ನಾನು ನಂಬುತ್ತೇನೆ.

ಪೂರ್ತಿ ಎಂದು ಒತ್ತಿ ಹೇಳಲು ಕಾರಣವಿದೆ. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಅನೇಕ ಪುಸ್ತಕಗಳಲ್ಲಿ ಕತೆ ಒಂದು ಪುಟಕ್ಕೆ ಮುಗಿದಿರುತ್ತದೆ, ಕೆಳಗೆ ಪೆಟ್ಟಿಗೆ ಕಟ್ಟಿ ನೀತಿ ಬರೆದಿರುತ್ತಾರೆ. ಮಗು ಆ ಪೆಟ್ಟಿಗೆಯನ್ನು ಮಾತ್ರ ಉರುಹೊಡೆದು ಒಪ್ಪಿಸುತ್ತದೆ. ಮೂಲದಲ್ಲಿ ಒಂದು ಕತೆಯೊಳಗಿಂದ ಇನ್ನೊಂದು ಕತೆ ಹೊರಡುತ್ತದೆ, ಒಂದು ಪ್ರಾಣಿ ಹೇಳಿದ ನೀತಿಯನ್ನು ಮುಂದಿನ ಪ್ರಾಣಿ ಅಲ್ಲಗಳೆಯುತ್ತದೆ. ಜೊತೆಗಾರ ನರಿ ಕರಟಕ ದಮನಕನನ್ನು ಬೈಯುವುದೂ ಕತೆ ಹೇಳಿಯೇ. ಆ ವಾದದಲ್ಲಿ ಯಾರು ಸರಿ ಎಂದು ಓದುವವನೇ ತೂಗಿ ನೋಡಬೇಕು. ಆದ್ದರಿಂದ ಪುಸ್ತಕ ಕೊಳ್ಳುವಾಗ ಐದೂ ತಂತ್ರಗಳು ಇವೆಯೇ, ಕತೆಯೊಳಗಿನ ಕತೆ ಉಳಿದಿದೆಯೇ ಎಂದು ನೋಡಿ ಕೊಳ್ಳು.

ಇದು ನಮ್ಮ ಮನೆಯ ಆಸ್ತಿ ಎಂಬುದೂ ನಿನಗೆ ತಿಳಿದಿರಲಿ. ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡದಲ್ಲಿ ಚಂಪುವಾಗಿ ಬರೆದ. ಅವನು ಹಿಡಿದದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗನದನ್ನು. ಯುದ್ಧ ಸಂಧಿಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬ ನರಿ ಕಾಗೆಗಳ ಕತೆಗೆ ಕೂತನೆಂದರೆ ಅದರ ತೂಕ ಎಷ್ಟಿರಬೇಕು ಯೋಚಿಸು. ಇದೇ ಕತೆ ಆರನೆಯ ಶತಮಾನದಲ್ಲೇ ಪರ್ಷಿಯಾಕ್ಕೆ ಹೋಗಿ, ಎಂಟನೆಯ ಶತಮಾನದಲ್ಲಿ ಅರಬ್ಬಿಯಲ್ಲಿ ‘ಕಲೀಲ ಮತ್ತು ದಿಮ್ನ’ ಆಯಿತು. ಕರಟಕ ದಮನಕರೇ ಅವರು. ಶಿಕಾರಿಪುರದ ಕಡೆ ಹೋದರೆ ತಮ್ಮ ತಂಗಿಯನ್ನು ಬಳ್ಳಿಗಾವೆಗೆ ಕರೆದುಕೊಂಡು ಹೋಗು. ಅಲ್ಲಿನ ತ್ರಿಪುರಾಂತಕ ಗುಡಿಯಲ್ಲಿ ಪಂಚತಂತ್ರದ ಕತೆಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ನೀನು ಹೇಳಿದ ಕತೆಯನ್ನು ಅವರು ಗೋಡೆಯಲ್ಲಿ ಹುಡುಕಲಿ.

ಚಿಕ್ಕವರಿಗೆ ಯಾವುದರಿಂದ ಶುರು ಮಾಡಬೇಕು? ಬಾಯಿಕತೆಯಿಂದ. ಕಾಗಕ್ಕ ಗುಬ್ಬಕ್ಕನ ಕತೆ ನಿನ್ನ ಅಜ್ಜಿಗೆ ಗೊತ್ತು, ಕೇಳಿ ಕಲಿತುಕೋ. ಮಳೆಗೆ ಸಗಣಿಯ ಮನೆ ಕರಗಿ ಕಾಗಕ್ಕ ಬಂದು ಬಾಗಿಲು ತಟ್ಟುವಾಗ, ಗುಬ್ಬಕ್ಕ ಒಳಗಿಂದ ಒಂದೊಂದೇ ನೆವ ಹೇಳುವಾಗ, ನಿನ್ನ ದನಿ ಬದಲಾಗಬೇಕು. ಮೂರು ವರ್ಷದ ಮಗು ಆ ನೆವಗಳನ್ನು ನಿನಗಿಂತ ಮೊದಲೇ ಹೇಳುತ್ತದೆ. ಪಂಜೆ ಮಂಗೇಶರಾಯರ ‘ಇಲಿಗಳ ಥಕಥೈ’ ಇದೇ ವಯಸ್ಸಿಗೆ ಒದಗುತ್ತದೆ. ಅವರ ಗದ್ಯವನ್ನು ಗಟ್ಟಿಯಾಗಿ ಓದಿದರೇ ಚೆಂದ.

ಸ್ವಲ್ಪ ದೊಡ್ಡವರಿಗೆ ಗೋವಿನ ಹಾಡು ಹಾಡಿ ತೋರಿಸು. ಹಸು ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತಿಗೆ ತಪ್ಪದೆ ಹಿಂತಿರುಗುತ್ತದೆ, ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. ಹುಲಿ ಯಾಕೆ ಸಾಯಬೇಕು, ಹಸಿವಾದರೆ ಅದು ಇನ್ನೇನು ತಿನ್ನಬೇಕು ಎಂದು ಮಗು ಕೇಳಿದರೆ ಗದರಬೇಡ. ಸತ್ಯವೇ ದೊಡ್ಡದು ಎಂದು ಥಟ್ಟನೆ ಬಾಯಿ ಮುಚ್ಚಿಸಲೂ ಬೇಡ. ಆ ಪ್ರಶ್ನೆಯಲ್ಲಿ ಹುಲಿಯ ಮೇಲೂ ಕರುಣೆಯಿದೆ, ಪುಣ್ಯಕೋಟಿ ಕಲಿಸುವುದೂ ಅದನ್ನೇ. ನಿನಗೇನು ಅನಿಸುತ್ತದೆ ಎಂದು ಮಗುವನ್ನೇ ತಿರುಗಿ ಕೇಳಿ ಸುಮ್ಮನಿರು.

ಪ್ರಾಣಿಕತೆಗಳನ್ನು ಮಕ್ಕಳಿಗೆ ಕೊಡಲೇಬಾರದು ಎಂದವರೂ ಇದ್ದಾರೆ. ಫ್ರೆಂಚ್ ಭಾಷೆಯ ಚಿಂತಕ ರೂಸೋ 1762ರ ತನ್ನ ‘ಎಮಿಲ್’ ಗ್ರಂಥದಲ್ಲಿ ಲಾ ಫೊಂತೇನನ ಕಾಗೆ-ನರಿಯ ಕತೆಯನ್ನು ಸಾಲು ಸಾಲಾಗಿ ಬಿಡಿಸಿ ನೋಡಿ, ಮಗು ಇಲ್ಲಿ ಮೋಸಹೋದ ಕಾಗೆಯ ಪಕ್ಷ ವಹಿಸುವುದಿಲ್ಲ, ಗೆದ್ದ ನರಿಯನ್ನೇ ಮೆಚ್ಚುತ್ತದೆ ಎಂದ. ಅವನ ಮಾತಿನಲ್ಲಿ ಹುರುಳಿದೆ. ಎಳೆಯ ಮಕ್ಕಳು ಗೆದ್ದವರ ಜೊತೆ ನಿಲ್ಲುತ್ತಾರೆ. ಆದರೆ ಅದಕ್ಕೆ ಮದ್ದು ಕತೆಯನ್ನು ಕಿತ್ತುಕೊಳ್ಳುವುದಲ್ಲ, ಇನ್ನೊಂದು ಕತೆ ಕೊಡುವುದು. ನರಿಯ ಕತೆ ಹೇಳಿದ ದಿನವೇ ಚಿತ್ರಗ್ರೀವನ ಕತೆ ಹೇಳು. ಬಲೆಗೆ ಬಿದ್ದ ಪಾರಿವಾಳಗಳೆಲ್ಲ ಬಲೆಸಮೇತ ಹಾರಿ ಇಲಿ ಹಿರಣ್ಯಕನ ಬಿಲದ ಮುಂದೆ ಇಳಿಯುತ್ತವೆ. ಹಿರಣ್ಯಕ ಗೆಳೆಯನ ಕಟ್ಟನ್ನು ಕಡಿಯಲು ಹೊರಟರೆ ಪಾರಿವಾಳಗಳ ರಾಜ ಚಿತ್ರಗ್ರೀವ, ಮೊದಲು ನನ್ನವರ ಕಟ್ಟು ಬಿಡಿಸು, ನನ್ನದು ಕೊನೆಗೆ ಎನ್ನುತ್ತಾನೆ. ಮುಖಂಡನಾಗುವವನು ಹೇಗಿರಬೇಕೆಂದು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಿಲ್ಲ. ಧನಗೋಪಾಲ ಮುಖರ್ಜಿ 1927ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ಗೇ-ನೆಕ್’ ಎಂಬ ಕಾದಂಬರಿಯ ಪಾರಿವಾಳಕ್ಕೂ ಇದೇ ಚಿತ್ರಗ್ರೀವನ ಹೆಸರು. ಮೊದಲ ಮಹಾಯುದ್ಧದಲ್ಲಿ ಸಂದೇಶ ಹೊತ್ತು, ಗಾಯಗೊಂಡು, ಹೆದರಿಕೆಯನ್ನು ಗೆಲ್ಲಬೇಕಾದ ಹಕ್ಕಿಯ ಕತೆ ಅದು. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬರಿ ಪದಕ ಬಂತು. ನಿನ್ನ ಇಂಗ್ಲಿಷ್ ಈಗ ಅದನ್ನು ಓದಬಲ್ಲಷ್ಟು ಬಲಿತಿದೆ, ಹುಡುಕಿ ಓದು.

ಇನ್ನೊಂದು ಮಾತು, ಇದನ್ನು ಮರೆಯಬೇಡ. ನೀತಿಕತೆಯ ಪ್ರಾಣಿಗಳು ಪ್ರಾಣಿಗಳೇ ಅಲ್ಲ, ವೇಷ ತೊಟ್ಟ ಮನುಷ್ಯರು. ನಿಜವಾದ ನರಿ ಕಪಟಿಯಲ್ಲ, ತೋಳ ದುಷ್ಟನಲ್ಲ. ಪಂಚತಂತ್ರದ ಕಾಕೋಲೂಕೀಯ ತಂತ್ರದ ಗೂಬೆಗಳು ಕಾಗೆಗಳ ವೈರಿಗಳು, ಅದು ಕತೆ. ಆದರೆ ಗೂಬೆ ಅಪಶಕುನವೆಂದು ಕಲ್ಲು ಹೊಡೆಯುವವರು, ಮಾಟಕ್ಕೆಂದು ಅದನ್ನು ಹಿಡಿದು ಕೊಲ್ಲುವವರು ಇವತ್ತಿಗೂ ಇದ್ದಾರೆ. ಗದ್ದೆ ಕಣಗಳ ಇಲಿ ತಿಂದು ರೈತನ ಕಾಳು ಉಳಿಸುವ ಹಕ್ಕಿ ಅದು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮ ಮಾಡಿದ್ದಾರೆ. ಕತೆಯಲ್ಲಿ ಕುರಿಮರಿಯನ್ನು ನುಂಗಿದ ತೋಳವನ್ನಷ್ಟೇ ಬಲ್ಲ ಮಗುವಿಗೆ ಅದು ಯಾಕೆ ಬೇಕೆಂದು ಅರ್ಥವಾಗದು.

ಅದಕ್ಕೇ ಹತ್ತು ಹನ್ನೆರಡು ವರ್ಷ ತುಂಬಿದ ಮಕ್ಕಳಿಗೆ ನಿಜವಾದ ಪ್ರಾಣಿಗಳ ಪುಸ್ತಕವನ್ನೂ ಕೊಡಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಗೆ ಸಮನಾದದ್ದು ನನ್ನ ಮಟ್ಟಿಗೆ ಕನ್ನಡದಲ್ಲಿ ಇನ್ನೊಂದಿಲ್ಲ. ಅವರ ನಾಯಿ ಕಿವಿ ಯಾರಿಗೂ ನೀತಿ ಹೇಳುವುದಿಲ್ಲ, ನಾಯಿಯಾಗಿಯೇ ಇರುತ್ತದೆ. ಓದಿದ ಮಗು ಬೀದಿಯ ನಾಯಿಯನ್ನು ಬೇರೆ ಕಣ್ಣಿನಿಂದ ನೋಡಲು ಕಲಿಯುತ್ತದೆ. ನೀನು ‘ಕರ್ವಾಲೊ’ ಓದು. ಹಾರುವ ಓತಿಯನ್ನು ಹುಡುಕಿ ಹೊರಟವರ ಆ ಕತೆ ನಿನ್ನ ವಯಸ್ಸಿಗೆ ಹೇಳಿ ಮಾಡಿಸಿದ್ದು.

ಮೊಬೈಲಿನಲ್ಲಿ ಈ ಕತೆಗಳೆಲ್ಲ ಓಡಾಡುವ ಚಿತ್ರಗಳಾಗಿ ಸಿಗುತ್ತವೆ ಎಂದು ಮನೆಯವರು ಹೇಳಬಹುದು. ಸಿಗಲಿ. ಆದರೆ ನಡುವೆ ನಿಲ್ಲಿಸಿ ‘ಆಮೇಲೆ?’ ಎಂದು ಕೇಳುವ ಮಗುವಿಗೆ ಅದು ಉತ್ತರ ಕೊಡುವುದಿಲ್ಲ, ನೀನು ಕೊಡಬಲ್ಲೆ. ಇವತ್ತು ರಾತ್ರಿ ಊಟವಾದ ಮೇಲೆ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕತೆ ಓದು. ಮುಗಿದ ಮೇಲೆ ನೀತಿ ಏನು ಎಂದು ಮಾತ್ರ ಕೇಳಬೇಡ.